ನಡುಮನೆಯ ನಡು

ಮನೆಯ ಎಲ್ಲಕ್ಕೂ ದೊಡ್ಡ ಕೋಣೆಗೆ ಕನ್ನಡದಲ್ಲಿ ಹೆಸರಿನ ಬಡತನವಿಲ್ಲ. ಪಡಸಾಲೆ, ನಡುಮನೆ, ಹಜಾರ, ಚಾವಡಿ, ಜಗುಲಿ, ಮರಾಠಿಯ ನೆರೆಯಿಂದ ಬಂದ ಸೋಪಾ, ಫಾರಸಿಯ ಗತ್ತಿನ ದಿವಾನಖಾನೆ, ಹೀಗೆ ಒಂದೊಂದು ಸೀಮೆಗೆ ಒಂದೊಂದು. ಇವೆಲ್ಲವೂ ಈಗ ‘ಹಾಲ್’ ಎಂಬ ಒಂದೇ ಉಸಿರಿನಲ್ಲಿ ಅಡಗಿಹೋಗಿವೆ. ಹೆಸರು ಹೋದುದಕ್ಕೆ ನನಗೆ ಅಷ್ಟೇನೂ ವ್ಯಥೆಯಿಲ್ಲ. ಭಾಷೆಯಲ್ಲಿ ಕೊಡುವುದು ಕೊಳ್ಳುವುದು ಇದ್ದದ್ದೇ. ಆದರೆ ‘ನಡುಮನೆ’ ಎಂಬ ಮಾತಿನಲ್ಲಿ ಮನೆಗೊಂದು ನಡುವುಂಟು ಎಂಬ ತಿಳಿವಳಿಕೆ ಇದ್ದಿತು. ಆ ನಡು ಎಲ್ಲಿತ್ತು, ಅಲ್ಲಿ ಏನಿತ್ತು, ಅದು ಯಾವಾಗ ಗೋಡೆಗೆ ಸರಿಯಿತು ಎಂದು ವಿಚಾರ ಮಾಡಬೇಕಾದ ಪ್ರಸಂಗ ನನಗೆ ಈಚೆಗೆ ಬಂದಿತು.

ಚಿಮ್ಮಡ ಎಂಬುದು ಕೃಷ್ಣಾ ಘಟಪ್ರಭೆಗಳ ನಡುವಿನ ಊರು. ಒಂದು ಕಡೆಗೆ ಜಮಖಂಡಿ, ಇನ್ನೊಂದು ಕಡೆಗೆ ಮುಧೋಳ. ತಾಲೂಕು ಈಗ ರಬಕವಿ-ಬನಹಟ್ಟಿ. ಕಬ್ಬಿನ ನೆಲ. ಅಲ್ಲಿ ನನ್ನ ಅಣ್ಣನ ಮಗ ಹೊಸ ಮನೆ ಕಟ್ಟಿಸಿದ್ದಾನೆ. ಹಾಲ್ 30 ಅಡಿ ಉದ್ದ, 20 ಅಡಿ ಅಗಲ. ನಡುವೆ ಒಂದು ಕಂಬವೂ ಇಲ್ಲ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತ, “ಕಾಕಾ, ಇಷ್ಟ ದೊಡ್ಡ ಹಾಲ್ ಕಟ್ಟಿಸೇನ್ರಿ. ಆದರ ಒಳಗ ಕುಂತರ ಬಯಲಾಗ ಕುಂತಾಂಗ ಆಗತೈತಿ. ಏನ ಇಟ್ಟರ ಇದು ಮನೀ ಅನಸತೈತಿ ಹೇಳ್ರಿ?” ಎಂದು ಕೇಳಿದ. ಬಯಲು ಎಂಬ ಮಾತನ್ನು ನಮ್ಮ ಶರಣರು ದೊಡ್ಡ ಅರ್ಥದಲ್ಲಿ ಬಳಸಿದ್ದಾರೆ. ಹುಡುಗನ ಬಯಲಿನಲ್ಲಿ ಅಂಥ ಅಧ್ಯಾತ್ಮವೇನೂ ಇರಲಿಲ್ಲ. ಅವನ ಇಂಜಿನಿಯರನು ಒಂದು ಗೋಡೆಗೆ ಬಣ್ಣದ ಕಲ್ಲು ಹೊದಿಸಿ, ಅದರ ಮೇಲೆ ದೊಡ್ಡದೊಂದು ಟಿ.ವಿ. ಕೂಡಿಸಿ, ಕೆಳಗೆ ದೀಪ ಹಾಕಿರೆಂದು ಹೇಳಿ ಹೋಗಿದ್ದನಂತೆ. ಅದಕ್ಕೆ ‘ಫೋಕಲ್ ಪಾಯಿಂಟ್’ ಎನ್ನುತ್ತಾರಂತೆ.

ಈ ಪ್ರಶ್ನೆ ಅವನ ಅಪ್ಪನಿಗಾಗಲಿ ಅಜ್ಜನಿಗಾಗಲಿ ಎಂದೂ ಬಂದಿರಲಿಲ್ಲ. ಅವರಿಗೆ ದೊಡ್ಡ ಮನೆ ಇರಲಿಲ್ಲವೆಂದಲ್ಲ. ಈ ಹಾಲಿಗಿಂತ ದೊಡ್ಡ ಪಡಸಾಲೆಯಲ್ಲಿಯೇ ಅವರು ಹುಟ್ಟಿ ಬೆಳೆದವರು. ಆದರೆ ಆ ಪಡಸಾಲೆ ಎಂದೂ ಬಯಲಾಗಿರಲಿಲ್ಲ.

ನಮ್ಮ ಕಡೆಯ ಹಳೆಯ ಮನೆಯೆಂದರೆ ಮಣ್ಣಿನ ಮಾಳಿಗೆಯ ಮನೆ. ದಪ್ಪ ಗೋಡೆ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಅದರ ಮೇಲೆ ಹಲಗೆ ಅಥವಾ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಕರಲು ಮಣ್ಣು. ಬೇಸಗೆಯಲ್ಲಿ ಇದರ ತಂಪು ಉಂಡವರಿಗೇ ಗೊತ್ತು. ಆದರೆ ಅದರ ಭಾರ ಸಾಮಾನ್ಯವಲ್ಲ. ಒಂದು ತೊಲೆ ಅಷ್ಟು ಭಾರ ಹೊತ್ತು ಬಾಗದೆ ಎಷ್ಟು ದೂರ ಚಾಚಬಲ್ಲದೋ ಅಷ್ಟೇ ದೂರ ಕಂಬದಿಂದ ಕಂಬಕ್ಕೆ. ಆ ಅಂತರಕ್ಕೆ ಅಂಕಣವೆಂದು ಹೆಸರು. ಮನೆಯ ದೊಡ್ಡಸ್ತಿಕೆಯನ್ನು ಅಡಿಗಳಲ್ಲಿ ಹೇಳುತ್ತಿರಲಿಲ್ಲ. ಇಷ್ಟು ಅಂಕಣದ ಮನೆ ಎನ್ನುತ್ತಿದ್ದರು. ಕೋಣೆ ದೊಡ್ಡದಾದಷ್ಟೂ ಕಂಬಗಳು ಹೆಚ್ಚುತ್ತಿದ್ದವು. ಅಂದ ಮೇಲೆ ದೊಡ್ಡ ಕೋಣೆ ಖಾಲಿ ಕಾಣುವ ಸಂಭವವೇ ಇರಲಿಲ್ಲ.

ಕಂಬ ನಾಲ್ಕು ನಿಂತರೆ ಅವುಗಳ ನಡುವೆ ತಾನಾಗಿಯೇ ಒಂದು ಚೌಕ ಹುಟ್ಟುತ್ತದೆ. ಇದರ ಮೇಲೆ ಬೆಳಕಿನ ಮಾತು ಬೇರೆ. ಆ ದಪ್ಪ ಗೋಡೆಗಳಿಗೆ ಕಿಟಕಿಗಳು ಕಡಿಮೆ. ಬಿಸಿಲಿಗೂ ಕಳ್ಳರಿಗೂ ಅಂಜಿದ ಕಾಲ ಅದು. ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ. ಅರೆಗತ್ತಲೆಯ ಪಡಸಾಲೆಯ ನೆಲದ ಮೇಲೆ ಒಂದು ಬಿಸಿಲುತುಂಡು ಬಿದ್ದು, ಮುಂಜಾನೆ ಒಂದು ಕಂಬದ ಬುಡದಲ್ಲಿದ್ದುದು ಸಂಜೆಯ ಹೊತ್ತಿಗೆ ಇನ್ನೊಂದರ ಬುಡಕ್ಕೆ ಹೋಗುತ್ತಿತ್ತು. ಜೋಳ ಹಸನು ಮಾಡುವವರು, ಲೆಕ್ಕ ಬರೆಯುವವರು, ಕೂಸಿಗೆ ಎಣ್ಣೆ ಹಚ್ಚುವವರು, ಎಲ್ಲರೂ ಆ ತುಂಡನ್ನು ಹಿಡಿದು ಸರಿಯುತ್ತಿದ್ದರು. ಈ ನಡುವನ್ನು ಯಾರೂ ‘ನಿರ್ಮಿಸಿ’ರಲಿಲ್ಲ. ತೊಲೆಯ ಅಳತೆ ಮತ್ತು ಸೂರ್ಯ ಇಬ್ಬರೂ ಸೇರಿ ಅದನ್ನು ಮಾಡಿಕೊಟ್ಟಿದ್ದರು.

ಇದೇ ಜಿಲ್ಲೆಯ ಐಹೊಳೆಯಲ್ಲಿ ಈ ಮಾತಿಗೆ ಕಲ್ಲಿನ ಸಾಕ್ಷಿಯಿದೆ. ಅಲ್ಲಿಯ ಲಾಡಖಾನ್ ಗುಡಿಯನ್ನು ನೋಡದ ಪ್ರವಾಸಿಯಿಲ್ಲ. ಹೆನ್ರಿ ಕಸೆನ್ಸ್ ಅವರು ಅದನ್ನು ಕ್ರಿ.ಶ. 450ರ ಸುಮಾರಿನದೆಂದು ಎಣಿಸಿದ್ದರು. ಈಗಿನ ವಿದ್ವಾಂಸರು ಏಳನೆಯ ಶತಮಾನದ ಕೊನೆ ಇಲ್ಲವೆ ಎಂಟನೆಯ ಶತಮಾನದ ಕಡೆಗೆ ಒಲಿಯುತ್ತಾರೆ. ಕಾಲದ ತಂಟೆ ಅವರಿಗೇ ಇರಲಿ. ನಮಗೆ ಬೇಕಾದುದು ಅದರ ಒಳಗಿನ ಸಭಾಮಂಟಪ. ಚೌಕದೊಳಗೆ ಚೌಕ: ಹೊರಗಿನ ಸುತ್ತಿಗೆ 12 ಕಂಬ, ಒಳಗಿನ ಸುತ್ತಿಗೆ 4 ಕಂಬ. ಆ ನಾಲ್ಕರ ನಡುವೆ, ಕೋಣೆಯ ಸರಿಯಾದ ಹೊಕ್ಕುಳಲ್ಲಿ, ನಂದಿ ಮಲಗಿದೆ. ಇಳಿಜಾರಾದ ಚಾವಣಿಯ ಕಲ್ಲುಹಲಗೆಗಳ ಸಂದಿನ ಮೇಲೆ ಮರದ ಪಟ್ಟಿಯಂಥ ಕಲ್ಲಿನ ಪಟ್ಟಿಗಳನ್ನು ಕೂಡಿಸಿದ್ದಾರೆ. ಕಟ್ಟಿದವನು ಮರದ ಮನೆಯನ್ನು ಕಣ್ಣಿಗೆ ಕಟ್ಟಿಕೊಂಡು ಕಲ್ಲು ಕಡಿದಿದ್ದಾನೆಂಬುದು ಬಲ್ಲವರ ಮಾತು. ಅದನ್ನು ನಂಬುವುದಾದರೆ, ನಮ್ಮ ಸೀಮೆಯ ಮರದ ಪಡಸಾಲೆ 1200 ವರ್ಷಗಳ ಹಿಂದೆ ಹೇಗಿದ್ದಿತೆಂಬುದಕ್ಕೆ ಈ ಗುಡಿಗಿಂತ ಒಳ್ಳೆಯ ಚಿತ್ರ ಬೇರೆ ಸಿಗಲಾರದು.

ಇನ್ನೊಂದು ಸೊಗಸು ಇಲ್ಲಿದೆ. ಲಿಂಗವಿರುವ ಗರ್ಭಗುಡಿ ಆ ಮಂಟಪಕ್ಕೆ ಹೊರಗೆ ಬೇರೆಯಾಗಿ ಇಲ್ಲ. ಹಿಂದಿನ ಗೋಡೆಗೆ ಅಂಟಿಸಿದ ಸಣ್ಣ ಕೋಣೆಯಂತೆ ಒಳಗೇ ಇದೆ. ಹೀಗಾಗಿ ಒಂದೇ ಕೋಣೆಗೆ ಎರಡು ಕೇಂದ್ರ: ಸುತ್ತ ಕುಳಿತುಕೊಳ್ಳಬಹುದಾದ ನಡುವಿನ ನಂದಿ, ಎದುರು ನಿಂತು ನೋಡಬೇಕಾದ ಗೋಡೆಯ ದೇವರು. ಮುಂದಿನ ಸಾವಿರ ವರ್ಷಗಳ ಮನೆಗಳಲ್ಲಿ ನಡೆದ ಜಗ್ಗಾಟವೆಲ್ಲ ಈ ಎರಡರ ನಡುವಿನದೇ ಎಂದು ನನಗೆ ಅನಿಸುತ್ತದೆ. ಗುಡಿಗೆ ಈ ಹೆಸರು ಬಂದುದು ಲಾಡಖಾನ್ ಎಂಬ ಗೃಹಸ್ಥನೊಬ್ಬ ಅದನ್ನೇ ಮನೆ ಮಾಡಿಕೊಂಡು ಕೆಲಕಾಲ ಇದ್ದುದರಿಂದ. ನಂದಿಯ ಯಾವ ಮಗ್ಗುಲಿಗೆ ಆತ ಹಾಸಿಗೆ ಹಾಸಿಕೊಳ್ಳುತ್ತಿದ್ದನೋ! ಆದರೆ ಕೋಣೆ ಬಯಲೆನಿಸುತ್ತದೆಂದು ಅವನು ಯಾರನ್ನೂ ಕೇಳಬೇಕಾಗಿ ಬಂದಿರಲಾರದು.

ಕಂಬವಿಲ್ಲದ ದೊಡ್ಡ ಕೋಣೆ ಹಿಂದೆ ಇರಲೇ ಇಲ್ಲವೆ ಎಂದು ವಾಚಕರು ಕೇಳಬಹುದು. ಇತ್ತು, ಅದೂ ನಮ್ಮ ನೆರೆಯ ವಿಜಾಪುರದಲ್ಲಿಯೇ. ಬಾಗಲಕೋಟೆ ಜಿಲ್ಲೆ 1997ರಲ್ಲಿ ಬೇರೆಯಾಗುವವರೆಗೆ ನಮ್ಮದೇ ಜಿಲ್ಲೆಯ ಊರು ಅದು. ಮುಹಮ್ಮದ ಆದಿಲ್‌ಶಾಹನ ಗೋಳಗುಮ್ಮಟ, 1656ರದು, ಒಳಗೆ ಒಂದೊಂದು ಬದಿಗೂ ಸುಮಾರು 135 ಅಡಿ. ಒಂದರೊಳಗೊಂದು ಹಾಯ್ದ ಕಮಾನುಗಳ ಮೇಲೆ ಗುಮ್ಮಟ ನಿಂತು, ನೆಲದ ಮೇಲೆ ಒಂದು ಕಂಬಕ್ಕೂ ಎಡೆಯಿಲ್ಲದಂತೆ ಮಾಡಿದೆ. ನನ್ನ ಅಣ್ಣನ ಮಗನ ಪೇಚಾಟ ಅಲ್ಲಿಯ ಶಿಲ್ಪಿಗಳಿಗೂ ಬಂದಿರಬೇಕು. ಅವರು ಗೋಡೆಗೆ ಕೈ ಹಚ್ಚಲಿಲ್ಲ. ಕೋಣೆಯ ನಡುವೆ ಎತ್ತರದ ಕಟ್ಟೆ ಕಟ್ಟಿದರು. ಅದರ ಮೇಲೆ ಅರಸನ ಮತ್ತು ಅವನ ಮನೆಯವರ ಸಮಾಧಿಯ ಗುರುತುಗಳು. ಅರಸನ ಗುರುತಿನ ಮೇಲೆ ಮರದ ಮಂಟಪ. ನಿಜವಾದ ಗೋರಿಗಳು ಕೆಳಗಿನ ನೆಲಮನೆಯಲ್ಲಿವೆ. ಎಂದರೆ ಮೇಲಿನ ಕಟ್ಟೆ ಹೆಣಕ್ಕಾಗಿ ಅಲ್ಲ, ಕಣ್ಣಿಗಾಗಿ. ಒಳಗೆ ಕಾಲಿಟ್ಟವನ ದೃಷ್ಟಿ ಮೊದಲು ಮೇಲಕ್ಕೆ ಹಾರಿ ತಲೆ ತಿರುಗಿಸಿಕೊಂಡು, ಆಮೇಲೆ ಆ ಕಟ್ಟೆಗೆ ಇಳಿದು ನೆಲೆಗೊಳ್ಳುತ್ತದೆ. ಕಟ್ಟೆಯೊಂದು ಇಲ್ಲದಿದ್ದರೆ ಆ ಕೋಣೆ ಬರೀ ಕೂಗಿ ಪ್ರತಿಧ್ವನಿ ಕೇಳುವ ಜಾಗವಾಗುತ್ತಿತ್ತು. (ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳ ಪಾಲಿಗೆ ಅದು ಅಷ್ಟೇ ಆಗಿದೆ ಎಂಬುದು ಬೇರೆ ಮಾತು.)

ಅರಸರ ಮಾತು ಸಾಕು. ರಬಕವಿ-ಬನಹಟ್ಟಿಯ ನೇಕಾರರ ಮನೆಗೆ ಬಂದರೆ ನಡುವಿನ ನಿಜವಾದ ಬೆಲೆ ತಿಳಿಯುತ್ತದೆ. ಅಲ್ಲಿ ನಡುವೆಂದರೆ ಮಗ್ಗ. ಕುಣಿಮಗ್ಗಕ್ಕಾಗಿ ನೆಲದಲ್ಲಿ ಕುಣಿ ತೋಡುತ್ತಾರೆ. ನೇಯುವವನು ಅದರ ಅಂಚಿಗೆ ಕುಳಿತು ಕಾಲನ್ನು ಕುಣಿಗೆ ಇಳಿಬಿಟ್ಟು ಪಾವಡಿ ತುಳಿಯುತ್ತಾನೆ. ಹತ್ತಿಯ ನೂಲಿಗೆ ಒಣ ಹವೆ ಆಗದು, ಕಡಿಯುತ್ತದೆ; ನೆಲದ ತಂಪು ಅದನ್ನು ಕಾಯುತ್ತದೆ. ಬೆಳಕು ಮಾತ್ರ ಮೇಲಿನಿಂದ ಚೆನ್ನಾಗಿ ಬೀಳಬೇಕು, ಇಲ್ಲವಾದರೆ ಕಡಿದ ಎಳೆ ಕಾಣುವುದಿಲ್ಲ. ಆದುದರಿಂದ ಮನೆಯಲ್ಲಿ ಎಲ್ಲಿ ಬೆಳಕೂ ತಂಪೂ ಕೂಡುತ್ತವೆಯೋ ಅಲ್ಲಿ ಮಗ್ಗ, ಮಗ್ಗವಿದ್ದಲ್ಲಿ ಮನೆ. ಹೆಣ್ಣುಮಕ್ಕಳು ರಾಟಿ ಹಿಡಿದು ಕಂಡಿಕೆ ಸುತ್ತುವುದು ಅದರ ಮಗ್ಗುಲಲ್ಲಿ, ಮುದುಕರು ನೂಲಿನ ಸಿಕ್ಕು ಬಿಡಿಸುವುದು ಅದರ ಮಗ್ಗುಲಲ್ಲಿ, ಬಂದ ಬೀಗರು ಚಹಾ ಕುಡಿಯುವುದೂ ಅಲ್ಲಿಯೇ. ಲಾಳಿಯ ಸಪ್ಪಳ ನಿಂತರೆ ಅಡಿಗೆಮನೆಯಿಂದ “ಯಾಕ, ಏನಾತು?” ಎಂಬ ದನಿ ಬರುತ್ತಿತ್ತು. ಅದನ್ನು ಕಾಣಲಿ ಕಾಣದಿರಲಿ, ಮನೆಯ ಪ್ರತಿಯೊಬ್ಬರ ಗಮನವೂ ಆ ನಡುವಿಗೆ ಕಟ್ಟಿರುತ್ತಿತ್ತು. ಕೇಂದ್ರಬಿಂದುವೆಂದರೆ ನೋಟಕ್ಕೆ ಚೆಂದವಾದ ವಸ್ತು ಎನ್ನುವವರು ಇದನ್ನು ವಿಚಾರಿಸಬೇಕು. ಮಗ್ಗವನ್ನು ಚೆಂದಕ್ಕಾಗಿ ಯಾರೂ ಇಟ್ಟಿರಲಿಲ್ಲ. ಅದರ ಮೇಲೆ ಮನೆಯ ಅನ್ನ ನಿಂತಿತ್ತು.

ಮಲೆನಾಡಿನ ಆಚೆಗೆ, ಅನ್ನದ ಬದಲು ಹಿರಿಯರ ನೆನಪು ಈ ಜಾಗ ಹಿಡಿದುದನ್ನೂ ಕಾಣುತ್ತೇವೆ. ಕೊಡವರ ಐನ್‌ಮನೆಯ ನಡುಕೋಣೆಗೆ ‘ನೆಲ್ಲಕ್ಕಿ ನಡುಬಾಡೆ’ ಎಂದು ಹೆಸರು. ಅಲ್ಲಿಯೂ ‘ನಡು’ ಎಂಬ ಮಾತು ಬಂದುದನ್ನು ಗಮನಿಸಬೇಕು. ಅಲ್ಲಿ ತೂಗುವ ದೀಪವನ್ನು ಬೆಳಿಗ್ಗೆ ಸಂಜೆ ಹಚ್ಚಿ ಮನೆತನದ ಕಾರಣವರನ್ನು ನೆನೆಯುತ್ತಾರೆ. ತುಳುನಾಡಿನ ಗುತ್ತಿನ ಮನೆಗಳ ಚಾವಡಿಯಲ್ಲಿ ಕೆತ್ತನೆಯ ಕಂಬಗಳ ನಡುವೆ ದೈವದ ಉಯ್ಯಾಲೆ ತೂಗುತ್ತದೆ. ಅದರ ಮೇಲೆ ಮನುಷ್ಯರು ಕೂಡುವಂತಿಲ್ಲ. ನಮ್ಮ ಕಡೆಯ ಜೋಕಾಲಿ ಅಷ್ಟು ಮಡಿವಂತವಲ್ಲ. ಊಟವಾದ ಮೇಲೆ ಅದರ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುವ ಹಿರಿಯನಿಗೆ ಬಾಗಿಲಿಗೆ ಬಂದವರೂ ಕಾಣುತ್ತಾರೆ, ಹಿತ್ತಿಲಿಗೆ ಹೋದವರೂ ಕಾಣುತ್ತಾರೆ.

ಆದರೆ ನಮ್ಮಲ್ಲಿ ಎಲ್ಲರೂ ಸುತ್ತುಗೂಡಿ ಕುಳಿತವರೇ ಎಂದು ಹೇಳಹೊರಟರೆ ಅದು ಇತಿಹಾಸವಾಗದು, ಹೊಗಳಿಕೆಯಾದೀತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದ ಕಾಲಕ್ಕೆ ವಾಡೆಗಳಲ್ಲಿ ದಿವಾನಖಾನೆಯೆಂಬುದೊಂದು ಬೇರೆಯೇ ಏರ್ಪಾಡು. ನೆಲಕ್ಕೆಲ್ಲ ಜಮಖಾನೆ, ಒಂದು ಗೋಡೆಗೆ ಹತ್ತಿ ಗಾದಿ, ಅದರ ಮೇಲೆ ಬಿಳಿಯ ಹಾಸು, ಬೆನ್ನಿಗೆ ತಕ್ಕೆ, ಮಗ್ಗುಲಿಗೆ ಲೋಡು. ಗಾದಿಯ ಮೇಲೆ ಒಬ್ಬ. ಅವನ ಕಡೆಗೆ ಮುಖ ಮಾಡಿ ಉಳಿದವರೆಲ್ಲ. ಹತ್ತಿ ತುಂಬಿದ ಹಾಸಿಗೆಗೂ ಅರಸೊತ್ತಿಗೆಗೂ ‘ಗಾದಿ’ ಎಂಬುದು ಒಂದೇ ಹೆಸರಾದುದು ಸುಮ್ಮನೆ ಅಲ್ಲ. ಇನಾಮದಾರರು, ದೇಸಾಯರು, ಸಾಹುಕಾರರು ಇದನ್ನು ನೋಡಿ ತಮ್ಮ ತಮ್ಮ ಮನೆಗಳಲ್ಲಿಯೂ ಒಂದೊಂದು ಗಾದಿ ಹಾಕಿದರು. ಹೆಂಗಸರಿಗೆ ಆ ಕೋಣೆಗೆ ಪ್ರವೇಶವಿಲ್ಲ. ಸಾಲಕ್ಕೆ ಬಂದ ರೈತ ಜಮಖಾನೆಯ ಅಂಚಿಗೆ ನಿಲ್ಲಬೇಕು. ನಡುಮನೆಯಲ್ಲಿ ನಡುವಿತ್ತು, ದಿವಾನಖಾನೆಯಲ್ಲಿ ಗಾದಿಯಿತ್ತು. ಒಂದರ ಸುತ್ತ ಕೂಡುತ್ತಿದ್ದರು, ಇನ್ನೊಂದರ ಎದುರಿಗೆ ಕೂಡುತ್ತಿದ್ದರು. 1948ರಲ್ಲಿ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಗಾದಿಗಳು ಹೋದವು. ಹೋದವೆಂದು ನಾವು ತಿಳಿದೆವು.

ಇಂಗ್ಲಿಷರ ಮನೆಗಳ ಚರಿತ್ರೆಯಲ್ಲಿಯೂ ಇಂಥದೇ ಒಂದು ಸ್ಥಳಾಂತರ ಆಗಿದೆ. ಇಂಜಿನಿಯರನು ಹೇಳಿದ ‘ಫೋಕಸ್’ ಎಂಬ ಮಾತು ಮೂಲದಲ್ಲಿ ಲ್ಯಾಟಿನ್ ಭಾಷೆಯದು. ಅಲ್ಲಿ ಅದರ ಅರ್ಥ ಒಲೆ, ಮನೆಯ ಅಗ್ಗಿಷ್ಟಿಕೆ. ಕಿರಣಗಳು ಬಂದು ಕೂಡುವ ಬಿಂದುವಿಗೆ ಈ ಹೆಸರನ್ನು ಕೊಟ್ಟವನು ಖಗೋಲಶಾಸ್ತ್ರಿ ಕೆಪ್ಲರ್, 1604ರಲ್ಲಿ. ಹಿಂದಿನ ಇಂಗ್ಲಿಷ್ ಮನೆಗಳಲ್ಲಿ ಈ ಒಲೆ ದೊಡ್ಡ ಕೋಣೆಯ ನಡುವೆಯೇ ಇತ್ತು. ಆ ಕೋಣೆಗೇ ‘ಹಾಲ್’ ಎಂಬ ಹೆಸರು. ನಾವು ಕಡ ತಂದುಕೊಂಡುದು ಅದನ್ನೇ. ಕೆಂಟ್ ಪ್ರಾಂತದ ಪೆನ್ಸ್‌ಹರ್ಸ್ಟ್ ಪ್ಲೇಸ್ ಎಂಬ ಮನೆಯಲ್ಲಿ 1341ರ ಸುಮಾರಿಗೆ ಕಟ್ಟಿದ ಹಾಲಿನ ನಡುವೆ ಎಂಟು ಮೂಲೆಯ ಒಲೆ ಇಂದಿಗೂ ಉಳಿದಿದೆ. ಹೊಗೆ ಚಾವಣಿಯ ಕಿಂಡಿಯಿಂದ ಹೋಗುತ್ತಿತ್ತು; ನಮ್ಮ ಬೆಳಕಿಂಡಿಯ ಅಣ್ಣನೋ ತಮ್ಮನೋ ಅದು. ಒಡೆಯನೂ ಆಳೂ ಒಂದೇ ಬೆಂಕಿಗೆ ಕೈ ಕಾಸುತ್ತಿದ್ದರು. ಇಟ್ಟಿಗೆಯ ಹೊಗೆಗೊಳವೆ ಬಳಕೆಗೆ ಬಂದಂತೆ, ಮುಖ್ಯವಾಗಿ ಹದಿನಾರನೆಯ ಶತಮಾನದಲ್ಲಿ, ಒಲೆ ಗೋಡೆಗೆ ಸರಿಯಿತು. ಹೊಗೆ ತಪ್ಪಿದುದು ದೊಡ್ಡ ಲಾಭವೇ. ಆದರೆ ವರ್ತುಲವಾಗಿ ಕುಳಿತವರು ಅರ್ಧವರ್ತುಲಕ್ಕೆ ಬಂದರು. ನಮ್ಮ ಒಲೆ ಪಡಸಾಲೆಗೆ ಎಂದೂ ಬರಲಿಲ್ಲ. ನಮ್ಮ ಬಿಸಿಲಿಗೆ ಮತ್ತೊಂದು ಬೆಂಕಿ ಏಕೆ ಬೇಕು? ಅದೂ ಅಲ್ಲದೆ ಅಡಿಗೆಗೆ ಮಡಿಯ ಕಟ್ಟಿತ್ತು. ಹಾಗೆಂದೇ ಬೇರೆಯವರ ಮನೆಯ ನಡುವಿನಲ್ಲಿ ಬೆಂಕಿಯಿದ್ದಲ್ಲಿ ನಮ್ಮಲ್ಲಿ ಬೆಳಕು, ಮಗ್ಗ, ಜೋಕಾಲಿ, ದೀಪ ಬಂದವು.

ನಮ್ಮ ನಡುವನ್ನು ಗೋಡೆಗೆ ಸರಿಸಿದುದು ಹೊಗೆಗೊಳವೆಯಲ್ಲ, ಕಾಂಕ್ರೀಟು. ಕಬ್ಬಿಣದ ಸಲಾಕೆಯನ್ನು ಒಡಲಲ್ಲಿಟ್ಟುಕೊಂಡ ತೊಲೆ 20 ಅಡಿಯನ್ನು ಲೀಲೆಯಿಂದ ದಾಟುತ್ತದೆ. ಕಂಬ ಹೋಯಿತು, ಕಂಬದೊಡನೆ ಅಂಕಣ ಹೋಯಿತು, ಗೋಡೆಗೆ ದೊಡ್ಡ ಕಿಟಕಿಗಳು ಬಂದು ಬೆಳಕಿಂಡಿ ಮುಚ್ಚಿತು. ಗಾಳಿ ಬೆಳಕಿನ ಮಟ್ಟಿಗೆ ಇದು ಸುಧಾರಣೆ ಎಂಬುದರಲ್ಲಿ ಸಂಶಯವಿಲ್ಲ. ಹಳೆಯ ಮಾಳಿಗೆಯ ಚೇಳು, ಮಳೆಗಾಲದ ಸೋರಿಕೆ ಇವನ್ನು ಮರೆತು ಹಂಬಲಿಸುವವರ ಸಾಲಿಗೆ ನಾನು ಸೇರಿದವನಲ್ಲ. ಆದರೆ ನಡುವನ್ನು ಹಿಡಿದು ನಿಲ್ಲಿಸಿದ ಎರಡೂ ಕಾರಣಗಳು ಒಟ್ಟಿಗೆ ಹೋದುವು. ಖಾಲಿಯಾದ ಆ ಕೋಣೆಗೆ ಹೊಸ ಯಜಮಾನರು ಒಬ್ಬರಾದ ಮೇಲೊಬ್ಬರು ಬಂದರು.

ಮೊದಲು ಬಂದುದು ರೇಡಿಯೋ. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಆಗ ರೇಡಿಯೋವನ್ನು ಮೊಳೆ ಹೊಡೆದ ಹಲಗೆಯ ಮೇಲೆ ಗೋಡೆಗೆ ಇಟ್ಟರೂ, ಅದನ್ನು ಕೇಳಲು ಅದರ ಕಡೆಗೆ ನೋಡಬೇಕಾದ ಅಗತ್ಯವಿರಲಿಲ್ಲ. ಕೇಳುತ್ತ ಕಂಡಿಕೆ ಸುತ್ತಬಹುದಾಗಿತ್ತು, ಎದುರಿನವನ ಮುಖ ನೋಡುತ್ತ ನಗಬಹುದಾಗಿತ್ತು. ಅದು ಗೋಡೆಯಲ್ಲಿದ್ದೂ ನಡುವಿನ ಸ್ವಭಾವದ್ದು. ಟಿ.ವಿ. ಹಾಗಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದಾಗ ಉತ್ತರ ಕರ್ನಾಟಕದ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಆಗ ಅದು ಊರಿನ ಸೊತ್ತು, ಜನ ಅಂಗಳದಲ್ಲಿ ಕುಳಿತು ನೋಡಿದರು. ಅದು ಮನೆಯೊಳಗೆ ಗಾದಿ ಏರಿದ್ದು ಮುಂದಿನ ದಶಕದಲ್ಲಿ. 1987ರಲ್ಲಿ ರಾಮಾಯಣ ಧಾರಾವಾಹಿ ಬಂದಾಗ ರವಿವಾರ ಮುಂಜಾನೆ ಪೆಟ್ಟಿಗೆಗೆ ಹೂ ಏರಿಸಿ ಊದುಬತ್ತಿ ಬೆಳಗಿದ ಮನೆಗಳು ದೇಶದ ತುಂಬ ಇದ್ದವು. ದೇವರ ಜಗಲಿ, ಸಾಹುಕಾರನ ಗಾದಿ ಎರಡೂ ಒಂದೇ ಪೆಟ್ಟಿಗೆಯಲ್ಲಿ ಕೂಡಿದ ಗಳಿಗೆ ಅದು. ಕುರ್ಚಿ, ಸೋಫಾಗಳೆಲ್ಲ ಒಂದೇ ಕಡೆಗೆ ಮುಖ ತಿರುಗಿಸಿದುವು. ಮನೆಯವರು ತಮ್ಮ ಮನೆಯಲ್ಲಿಯೇ ದರ್ಬಾರಿಗೆ ಬಂದ ರೈತರಂತಾದರು. ಗಾದಿಯ ಮೇಲೆ ಮಾತ್ರ ಮನುಷ್ಯನಿಲ್ಲ.

ಇದನ್ನೆಲ್ಲ ಚಿಮ್ಮಡದ ಹುಡುಗನಿಗೆ ನಾನು ಇಷ್ಟು ಉದ್ದಕ್ಕೆ ಹೇಳಲಿಲ್ಲ. ಸೋಫಾಗಳನ್ನು ಗೋಡೆಯಿಂದ ನಾಲ್ಕು ಅಡಿ ಈಚೆಗೆ ಎಳೆದು ಎದುರುಬದುರಾಗಿ ಹಾಕು, ನಡುವಿನ ನೆಲವನ್ನು ಕೂಡ್ರಲು ಬಿಡು, ದೀಪವನ್ನು ಮೂಲೆಗಳಿಗೆ ಹಂಚದೆ ಆ ನಡುವಿನ ಮೇಲೆ ಇಳಿಬಿಡು, ಸಾಧ್ಯವಾದರೆ ಜೋಕಾಲಿ ತೂಗು, ಕಾಂಕ್ರೀಟಿಗೂ ಕೊಂಡಿ ಹಾಕಲು ಬರುತ್ತದೆ, ಟಿ.ವಿ.ಯನ್ನು ಮಗ್ಗುಲಿನ ಸಣ್ಣ ಕೋಣೆಗೆ ಕಳಿಸು ಎಂದೆ. ಕೊನೆಯ ಸಲಹೆಗೆ ಒಳಗಿನಿಂದ ವಿರೋಧ ಬಂದಿತು. ಕ್ರಿಕೆಟ್ ಇದ್ದ ದಿನ ಹತ್ತು ಜನ ಬಂದರೆ ಆ ಸಣ್ಣ ಕೋಣೆಯಲ್ಲಿ ಎಲ್ಲಿ ಕೂಡಬೇಕೆಂದು ಅವನ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ.

ನೆಲಕ್ಕೆ ಏನು ಹಾಸಬೇಕೆಂಬುದಕ್ಕೆ ಮಾತ್ರ ನನ್ನಲ್ಲಿ ಅನುಮಾನವಿಲ್ಲದ ಉತ್ತರವಿದ್ದಿತು: ನವಲಗುಂದದ ಜಮಖಾನೆ. ನಮ್ಮ ಸೀಮೆಯ ದೊಡ್ಡ ಕೋಣೆಗೆ ಅದಕ್ಕಿಂತ ಒಳ್ಳೆಯ ನೆಲಹಾಸು ಇಲ್ಲ. ಅದನ್ನು ನೇಯುವವರು ಹೆಣ್ಣುಮಕ್ಕಳು. ಮಗ್ಗ ಗೋಡೆಗೆ ಆತು ನೆಟ್ಟಗೆ ನಿಂತಿರುತ್ತದೆ. ಈಗ ಈ ಕೆಲಸ ಬಲ್ಲವರು ಕೆಲವೇ ಕುಟುಂಬಗಳಲ್ಲಿ ಉಳಿದಿದ್ದಾರೆ. ಅವರ ಹಳೆಯ ವಿನ್ಯಾಸಗಳಲ್ಲಿ ಒಂದು ಪಗಡೆಯದು: ಜಮಖಾನೆಯ ನಟ್ಟನಡುವೆ ಪಗಡೆಯ ನಾಲ್ಕು ಕೈಗಳ ಪಟವನ್ನು ನೂಲಿನಲ್ಲಿಯೇ ನೇಯ್ದಿರುತ್ತಾರೆ. ಹಾಸಿದರೆ ಸಾಕು, ನಾಲ್ವರು ನಾಲ್ಕು ಕಡೆಗೆ ಕುಳಿತು ದಾಳ ಉರುಳಿಸಬಹುದು. ಎಂಟು ಜನ ಅವರ ಬೆನ್ನಿಗೆ ಕುಳಿತು ಬುದ್ಧಿ ಹೇಳಬಹುದು. ಅಂಥದೊಂದನ್ನು ಹೋದ ವರ್ಷ ಹುಬ್ಬಳ್ಳಿಯ ಪರಿಚಿತರೊಬ್ಬರ ಮನೆಯಲ್ಲಿ ಕಂಡೆ. ಬಹಳ ಬೆಲೆ ಕೊಟ್ಟು ತಂದಿದ್ದರು. ಕೊಳೆಯಾದೀತೆಂದು ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದ್ದರು.